ಹಿರೇಕೊಡಿಗೆಯಿಂದ ಮಾನಸಗಂಗೋತ್ರಿಗೆ: ಕುವೆಂಪು ಅವರ ಕಲಿಕೆಯ ಬದುಕು

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರುಮನೆಯಲ್ಲಿ. ತಂದೆ ವೆಂಕಟಪ್ಪಗೌಡರ ಮನೆ ಗಡಿಯಾಚೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿತ್ತು. ಕಂದಾಯದ ದಾಖಲೆಗಳಲ್ಲಿ ಇವೆರಡೂ ಬೇರೆ ಜಿಲ್ಲೆಗಳ ಊರುಗಳು. ಬದುಕಿನಲ್ಲಿ ಒಂದೇ ಸೀಮೆ. ಮದುವೆ, ಬೇಟೆ, ಜಾತ್ರೆ, ಅಡಕೆಯ ವ್ಯವಹಾರಗಳು ಈ ಗಡಿಯನ್ನು ಗಣಿಸಿದವಲ್ಲ. ಮಗುವನ್ನು ಕುಪ್ಪಳಿಗೆ ಕರೆತಂದ ಮೇಲೆ ಅಲ್ಲಿಯ ಮನೆಯೇ ಅದರ ಪ್ರಪಂಚವಾಯಿತು. ಆದ್ದರಿಂದ ಕುವೆಂಪು ಅವರನ್ನು ಕುಪ್ಪಳಿಯ ಕವಿಯೆಂದೇ ಗುರುತಿಸುವ ರೂಢಿ ಬೆಳೆದು, ಕೊಪ್ಪದ ನಂಟು ಜೀವನಚರಿತ್ರೆಗಳ ಮೊದಲ ವಾಕ್ಯಕ್ಕೆ ಸೀಮಿತವಾಗಿ ಹೋಗಿದೆ. ಅವರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿ ಕಲಿತ ಬಗೆಯನ್ನೂ, ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಕಲಿಕೆಯ ಬಗ್ಗೆ ತಳೆದ ನಿಲುವನ್ನೂ ಅರಿಯಬೇಕಾದರೆ ಆ ಸೀಮೆಯ ವಿದ್ಯಾಸಂಸ್ಕೃತಿಯಿಂದಲೇ ಹೊರಡಬೇಕಾಗುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪ್ರದೇಶಕ್ಕೆ ವಿದ್ಯೆ ಹೊಸದೇನಲ್ಲ. ತುಂಗಾತೀರದ ಶೃಂಗೇರಿಯಲ್ಲಿ ಶಾರದಾಪೀಠದ ಆಶ್ರಯದಲ್ಲಿ ತರ್ಕ, ವ್ಯಾಕರಣ, ಮೀಮಾಂಸೆ, ವೇದಾಂತಗಳ ಅಧ್ಯಯನ ನಡೆದುಬಂದಿತ್ತು. ಅಲ್ಲಿಯ ವಿದ್ವತ್ಸಭೆಗಳಲ್ಲಿ ಶಾಸ್ತ್ರವಾಕ್ಯವೊಂದನ್ನು ಹಿಡಿದು ಪೂರ್ವಪಕ್ಷ, ಸಿದ್ಧಾಂತಗಳ ಕ್ರಮದಲ್ಲಿ ವಾಕ್ಯಾರ್ಥ ನಡೆಸುವುದು ವಿದ್ಯೆಯ ಕೊನೆಯ ಒರೆಗಲ್ಲು. ನರಸಿಂಹರಾಜಪುರ 1915ರವರೆಗೆ ಎಡೇಹಳ್ಳಿ ಎನಿಸಿಕೊಂಡಿದ್ದ ಊರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಬಂದದ್ದು ಆಮೇಲೆ. ಅಲ್ಲಿ ಜ್ವಾಲಾಮಾಲಿನಿಯ ಜೈನಕ್ಷೇತ್ರವಿದೆ. ಅದೇ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವ ಪರಂಪರೆಯ ರಂಭಾಪುರಿ ಪೀಠವಿದೆ. ಹೀಗೆ ಮೂರು ಮತಗಳ ವಿದ್ಯಾಕೇಂದ್ರಗಳು ಕೆಲವೇ ಹರದಾರಿಗಳ ಅಂತರದಲ್ಲಿದ್ದವು. ಆದರೆ ಕಾಡಿನ ನಡುವೆ ಗದ್ದೆ ತೋಟ ಮಾಡಿಕೊಂಡಿದ್ದ ಒಕ್ಕಲಿಗ ಮನೆತನದ ಹುಡುಗನಿಗೆ ಶೃಂಗೇರಿಯ ಪಾಠಶಾಲೆಯ ಬಾಗಿಲು ತೆರೆದಿರಲಿಲ್ಲ. ಅವನ ಪಾಲಿಗೆ ಅದು ಹರಕೆಯ ಊರೇ ಹೊರತು ಓದಿನ ಊರಲ್ಲ. ಶಾಸ್ತ್ರವಿದ್ಯೆಯ ಸಾಮೀಪ್ಯ ಮತ್ತು ಅದರಿಂದ ಹೊರಗುಳಿದ ಅನುಭವ, ಇವೆರಡೂ ಒಟ್ಟಿಗೆ ಕುವೆಂಪು ಅವರ ಮನೋಧರ್ಮವನ್ನು ರೂಪಿಸಿದುವು.

ಹೊರಗುಳಿದವರಿಗೆ ವಿದ್ಯೆಯೇ ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಮಲೆನಾಡಿನ ಗೌಡರ ಮನೆಗಳಲ್ಲಿ ಕಿವಿಯ ಮೂಲಕ ನಡೆಯುವ ಒಂದು ಗಟ್ಟಿಯಾದ ಶಿಕ್ಷಣಕ್ರಮವಿತ್ತು. ಮಳೆಗಾಲದ ದೀರ್ಘವಾದ ಸಂಜೆಗಳಲ್ಲಿ ಕುಮಾರವ್ಯಾಸ ಭಾರತ, ತೊರವೆ ರಾಮಾಯಣ, ಜೈಮಿನಿ ಭಾರತಗಳನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಯಕ್ಷಗಾನದ ಮೇಳಗಳು ಘಟ್ಟವೇರಿ ಬರುತ್ತಿದ್ದುವು. ಅಕ್ಷರ ಬಾರದ ಆಳೂ ಭೀಮನ ಮಾತಿನ ಮುಂದಿನ ಪಾದವನ್ನು ಬಲ್ಲವನಾಗಿದ್ದ. ಇಲ್ಲಿ ಕೇಳುವುದು, ಮತ್ತೆ ಮತ್ತೆ ಕೇಳುವುದು, ಬಾಯಿಗೆ ಬರುವುದು, ಆಮೇಲೆ ಅರ್ಥ ಬಿಚ್ಚಿಕೊಳ್ಳುವುದು ಎಂಬ ಕ್ರಮವಿದೆ. ಕಂಠಪಾಠ ಅರ್ಥದ ಶತ್ರುವಲ್ಲ, ಅದರ ಹೊಸ್ತಿಲು. ಬಾಲಕ ಪುಟ್ಟಪ್ಪನಿಗೆ ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರೊಬ್ಬರನ್ನು ಮನೆಯಲ್ಲಿ ಇರಿಸಿಕೊಳ್ಳಲಾಗಿತ್ತು. ಘಟ್ಟದ ಕೆಳಗಿನಿಂದ ಬರುವ ಇಂಥ ಐಗಳು ಅಂದಿನ ಮಲೆನಾಡಿನ ಅಕ್ಷರಾಭ್ಯಾಸದ ಆಧಾರಸ್ತಂಭಗಳು. ಅವರ ಮೇಲೆ ಪ್ರತ್ಯೇಕವಾದ ಅಧ್ಯಯನವೇ ನಡೆಯಬೇಕು. ಐಗಳ ಮಠ, ಕಾವ್ಯವಾಚನ, ಕಾಡು ಈ ಮೂರರಲ್ಲಿ ಹುಡುಗನ ಮೇಲೆ ಹೆಚ್ಚಿನ ಪ್ರಭಾವ ಬೀರಿದ್ದು ಕಾಡೆಂಬುದನ್ನು ಅವರ ಸಾಹಿತ್ಯವೆಲ್ಲ ಸಾರುತ್ತದೆ.

ಶಿಕ್ಷಣಶಾಸ್ತ್ರದ ಇತ್ತೀಚಿನ ಚರ್ಚೆಯನ್ನು ಇಲ್ಲಿ ಸ್ವಲ್ಪ ನೆನೆಯುವುದು ಉಚಿತ. 1976ರಲ್ಲಿ ಸ್ವೀಡನ್ನಿನ ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸಾಲ್ಯೊ ಎಂಬ ವಿದ್ವಾಂಸರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಓದುವ ರೀತಿಯಲ್ಲಿ ಮೇಲ್ಪದರದ ಕಲಿಕೆ, ಆಳದ ಕಲಿಕೆ ಎಂಬ ಎರಡು ಬಗೆಗಳನ್ನು ಗುರುತಿಸಿದರು. ಪದಗಳನ್ನು ಹಾಗೆಯೇ ನೆನಪಿಡಲು ಹೆಣಗುವುದು ಮೊದಲನೆಯದು. ಬರೆದವನ ಆಶಯವನ್ನು ಹಿಡಿಯಲು ಯತ್ನಿಸುವುದು ಎರಡನೆಯದು. ಬಾಯಿಪಾಠವನ್ನೆಲ್ಲ ಮೇಲ್ಪದರಕ್ಕೆ ಸೇರಿಸುವ ಅವಸರ ಆಮೇಲೆ ಹಲವರಲ್ಲಿ ಕಂಡುಬಂತು. ಡೇವಿಡ್ ವಾಟ್ಕಿನ್ಸ್ ಮತ್ತು ಜಾನ್ ಬಿಗ್ಸ್ ಅವರು 1996ರಲ್ಲಿ ಸಂಪಾದಿಸಿದ ಚೀನೀ ವಿದ್ಯಾರ್ಥಿಗಳ ಕುರಿತ ಗ್ರಂಥ ಈ ಸಮೀಕರಣವನ್ನು ಪ್ರಶ್ನಿಸಿತು. ಆವರ್ತನೆಯ ಮೂಲಕವೇ ಅರ್ಥದ ಆಳಕ್ಕಿಳಿಯುವ ಸಂಸ್ಕೃತಿಗಳೂ ಇವೆಯೆಂಬುದು ಅದರ ತಿರುಳು. ಗಮಕವನ್ನು ಬಲ್ಲ ಕನ್ನಡಿಗನಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕುಮಾರವ್ಯಾಸನನ್ನು ಬಾಯಿಗೆ ತಂದುಕೊಳ್ಳುವುದು ಒಂದು. ಅರ್ಥವಾಗದ ಭಾಷೆಯ ಟಿಪ್ಪಣಿಯನ್ನು ಪರೀಕ್ಷೆಗಾಗಿ ಉರುಹೊಡೆಯುವುದು ಇನ್ನೊಂದು. ಕುವೆಂಪು ಅವರ ವಿದ್ಯಾರ್ಥಿಜೀವನ ಈ ಎರಡರ ನಡುವಣ ಅಂತರವನ್ನು ಅನುಭವಿಸಿದ ಜೀವನ.

ಹನ್ನೆರಡರ ವಯಸ್ಸಿಗೆ ತಂದೆ ತೀರಿಕೊಂಡರು. ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯ ಓದು ಮುಗಿಸಿ ಹುಡುಗ ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೌಢಶಾಲೆ ಸೇರಿದ. ಕುಪ್ಪಳಿಯ ಮನೆತನದವರಿಗೆ ಮೈಸೂರು ಆಗ ದೂರದ ಪರದೇಶ. ಗದ್ದೆ ತೋಟಗಳ ಒಡೆತನವಿರುವ ಮನೆಯ ಗಂಡುಮಗ ಅಷ್ಟು ದೂರ ಹೋಗಿ ಓದಿ ಸಾಧಿಸುವುದೇನು ಎಂಬ ಪ್ರಶ್ನೆ ಮಲೆನಾಡಿನಲ್ಲಿ ಸಹಜವಾಗಿತ್ತು. ಓದು ಹೊಟ್ಟೆಪಾಡಿಗೆ, ಹೊಟ್ಟೆಪಾಡಿಗೆ ಭೂಮಿಯಿದ್ದವರಿಗೆ ಓದೇಕೆ ಎಂಬ ತರ್ಕವದು. ಈ ತರ್ಕದ ಕಾವನ್ನು ಕುವೆಂಪು 1936ರಲ್ಲಿ ಪ್ರಕಟವಾದ 'ಕಾನೂರು ಹೆಗ್ಗಡಿತಿ'ಯಲ್ಲಿ ಹೂವಯ್ಯನ ಮೂಲಕ ಚಿತ್ರಿಸಿದ್ದಾರೆ. ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ ರಜೆಗೆಂದು ಮರಳುವಾಗ ಗಾಡಿ ಉರುಳಿ ಪೆಟ್ಟು ತಿನ್ನುತ್ತಾನೆ. ಮುಂದೆ ಮನೆಯ ಪರಿಸ್ಥಿತಿ ಅವನ ಓದನ್ನು ನಿಲ್ಲಿಸುತ್ತದೆ. ಪದವಿ ದೊರೆಯದ ಈ ವಿದ್ಯಾರ್ಥಿಯೇ ಕಾದಂಬರಿಯಲ್ಲಿ ನಿಜವಾಗಿ ಕಲಿತವನು. ಲೇಖಕನಿಗೆ ಸಾಧ್ಯವಾದದ್ದು ಪಾತ್ರಕ್ಕೆ ಏಕೆ ಸಾಧ್ಯವಾಗಲಿಲ್ಲವೆಂಬ ಪ್ರಶ್ನೆಯನ್ನು ವಿಮರ್ಶಕರು ಅಷ್ಟಾಗಿ ಎತ್ತಿಕೊಂಡಿಲ್ಲ. ಅರ್ಧಕ್ಕೆ ಓದು ಬಿಟ್ಟು ಊರಿಗೆ ಮರಳಿದ ಹೂವಯ್ಯನಂಥವರು ಆ ಕಾಲದ ಮಲೆನಾಡಿನ ಮನೆಮನೆಯಲ್ಲಿದ್ದರು, ಪುಟ್ಟಪ್ಪ ಅಪವಾದ.

ಮೈಸೂರಿನ ಶಾಲೆ ಇಂಗ್ಲಿಷಿನ ಶಾಲೆ. ಕಲಿಸುವ ಭಾಷೆ ಅದು, ಗೌರವದ ಭಾಷೆಯೂ ಅದೇ. ಕಿವಿಯಿಂದ ಕಲಿಯುವ ಅಭ್ಯಾಸವಿದ್ದ ಹುಡುಗ ಆ ಭಾಷೆಯನ್ನೂ ಕಿವಿಯಿಂದಲೇ ಒಲಿಸಿಕೊಂಡನೆನ್ನಬಹುದು. ವರ್ಡ್ಸ್‌ವರ್ತ್, ಷೆಲ್ಲಿ, ಮಿಲ್ಟನ್ನರ ಲಯ ಅವನನ್ನು ಹಿಡಿಯಿತು. 1922ರಲ್ಲಿ, ಇನ್ನೂ ಪ್ರೌಢಶಾಲೆಯಲ್ಲಿದ್ದಾಗಲೇ, 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನಗಳ ಪುಟ್ಟ ಸಂಕಲನ ಹೊರಬಂತು. ಹಿರೇಕೊಡಿಗೆಯಲ್ಲಿ ಹುಟ್ಟಿ ಕುಪ್ಪಳಿಯಲ್ಲಿ ಬೆಳೆದವನ ಮೊದಲ ಪುಸ್ತಕ ಇಂಗ್ಲಿಷಿನಲ್ಲಿದೆಯೆಂಬುದು ಅಂದಿನ ವಿದ್ಯಾಭ್ಯಾಸದ ಸ್ವರೂಪಕ್ಕೆ ಬೇರೆ ಸಾಕ್ಷಿ ಬೇಡದಂತೆ ಮಾಡಿದೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದ. ಮಾತೃಭಾಷೆಯಲ್ಲಿ ಬರೆದಿರುವುದೇನಾದರೂ ಉಂಟೇ ಎಂದು ಕಸಿನ್ಸ್ ವಿಚಾರಿಸಿ, ಅದರಲ್ಲೇ ಬರೆಯುವಂತೆ ಸಲಹೆಯಿತ್ತರು. ಈ ಪ್ರಸಂಗವನ್ನು ಪವಾಡವೆಂಬಂತೆ ವರ್ಣಿಸುವ ಪರಿಪಾಠವಿದೆ. ಹಾಗೆ ನೋಡಬೇಕಾದ ಅಗತ್ಯವಿಲ್ಲ. ಕಸಿನ್ಸ್ ಬಂದ ನಾಡಿನಲ್ಲೂ ಇಂಗ್ಲಿಷು ಜನರ ನುಡಿಯನ್ನು ಬದಿಗೊತ್ತಿತ್ತು. ಆ ನೋವನ್ನು ಬಲ್ಲವರ ಮಾತದು. ತರುಣನೊಳಗೂ ಕುಮಾರವ್ಯಾಸನ ಷಟ್ಪದಿ ಅಷ್ಟು ಹೊತ್ತಿಗಾಗಲೇ ತುಂಬಿಕೊಂಡಿತ್ತು. ಹೊರಗಿನವರೊಬ್ಬರು ಅನುಮತಿ ಕೊಟ್ಟಂತಾಯಿತು, ಅಷ್ಟೆ. ಮನೆಯ ನುಡಿಯಲ್ಲಿ ಬರೆಯಲು ಹೊರಗಿನವರ ಅನುಮತಿ ಬೇಕಾದ ಆ ಸ್ಥಿತಿಯೇ ಇಲ್ಲಿ ಯೋಚಿಸಬೇಕಾದ ವಿಷಯ.

ಮಹಾರಾಜ ಕಾಲೇಜಿನ ವಾತಾವರಣ ಆಗ ಶ್ರೀಮಂತವಾಗಿತ್ತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬ್ರಜೇಂದ್ರನಾಥ ಸೀಲರು ಕುಲಪತಿ. ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಎ.ಆರ್. ಕೃಷ್ಣಶಾಸ್ತ್ರಿ ಮೊದಲಾದವರು ಕನ್ನಡಕ್ಕೆ ಹೊಸ ಮಾನ ತಂದುಕೊಡುತ್ತಿದ್ದ ದಿನಗಳು. ಆದರೂ ಮಲೆನಾಡಿನಿಂದ ಬಂದ ವಿದ್ಯಾರ್ಥಿ ಅಲ್ಲಿ ಒಂಟಿ. ಊಟ, ವಸತಿ, ಆರೋಗ್ಯ ಮೂರೂ ತೊಡಕಾಗಿದ್ದವು. ಇದರಿಂದ ಅವರನ್ನು ಪಾರುಮಾಡಿದ್ದು ಶ್ರೀರಾಮಕೃಷ್ಣಾಶ್ರಮ. ಸ್ವಾಮಿ ಸಿದ್ಧೇಶ್ವರಾನಂದರು ಅನಾರೋಗ್ಯದಲ್ಲಿದ್ದ ತರುಣನನ್ನು ಆಶ್ರಮಕ್ಕೆ ಕರೆತಂದರು. ಮುಂದಿನ ಹಲವು ವರ್ಷಗಳು ಅದೇ ಮನೆಯಾಯಿತು. 1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆಯೂ ದೊರೆಯಿತು. ಆಶ್ರಮವಾಸವನ್ನು ಕುವೆಂಪು ಅವರ ಅಧ್ಯಾತ್ಮದ ಮೂಲವೆಂದು ಎಲ್ಲರೂ ಗುರುತಿಸಿದ್ದಾರೆ. ಕಲಿಕೆಯ ದೃಷ್ಟಿಯಿಂದಲೂ ಅದರ ಪಾತ್ರ ಹಿರಿದು. ಶೃಂಗೇರಿಯ ಪರಂಪರೆ ತನ್ನ ಸೀಮೆಯ ಹುಡುಗನಿಗೆ ಹುಟ್ಟಿನ ಕಾರಣದಿಂದ ಕೊಡದಿದ್ದ ವೇದಾಂತವನ್ನು, ಹುಟ್ಟನ್ನು ಕೇಳದ ಇನ್ನೊಂದು ಪರಂಪರೆ ಮೈಸೂರಿನಲ್ಲಿ ಕೊಟ್ಟಿತು. ಉಪನಿಷತ್ತು ತನಗೂ ಸೇರಿದ್ದೆಂಬ ಹಕ್ಕಿನ ಭಾವನೆ ಅವರಲ್ಲಿ ಬೇರೂರಿದ್ದು ಇಲ್ಲಿ. ಮುಂದೆ ಪುರೋಹಿತಶಾಹಿಯನ್ನು ಅವರು ಅಷ್ಟು ತೀವ್ರವಾಗಿ ಖಂಡಿಸಿಯೂ ಅದ್ವೈತವನ್ನು ಬಿಟ್ಟುಕೊಡದಿರಲು ಇದೇ ಕಾರಣ.

1927ರಲ್ಲಿ ಬಿ.ಎ. ಮುಗಿಯಿತು. ಅದೇ ವರ್ಷ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗಿತ್ತು. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಬಾಳುವ ದಾರಿ ಯಾವುದೆಂದು ಯಾರಿಗೂ ತಿಳಿಯದಿದ್ದ ಕಾಲ. ಕುವೆಂಪು ಆ ಮೊದಲ ತಂಡವನ್ನು ಸೇರಿ 1929ರಲ್ಲಿ ಪದವಿ ಪಡೆದರು. ಅಲ್ಲಿ ವೆಂಕಣ್ಣಯ್ಯನವರು ಗುರುಗಳು. ವೆಂಕಣ್ಣಯ್ಯನವರ ಪಾಠ ವಾಚನದಿಂದಲೇ ಅರ್ಥವನ್ನು ಎಬ್ಬಿಸುವ ಬಗೆಯದೆಂದು ಶಿಷ್ಯರೆಲ್ಲ ಸ್ಮರಿಸಿದ್ದಾರೆ. ಕುಪ್ಪಳಿಯ ಉಪ್ಪರಿಗೆಯಲ್ಲಿ ಕೇಳಿದ ಕಾವ್ಯ ವಿಶ್ವವಿದ್ಯಾನಿಲಯದ ತರಗತಿಯೊಳಗೆ ಮತ್ತೆ ಕೇಳಿಬಂದಾಗ ವಿದ್ಯಾರ್ಥಿಗೆ ಮನೆಯ ಕಲಿಕೆಗೂ ಕಾಲೇಜಿನ ಕಲಿಕೆಗೂ ನಡುವೆ ಇದ್ದ ಗೋಡೆ ಬಿದ್ದಿತು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅವರು ಅರ್ಪಿಸಿದ್ದು 1939ರಲ್ಲಿ ಅಗಲಿದ ಈ ಗುರುವಿಗೆ.

ಎಂ.ಎ. ಆದ ವರ್ಷವೇ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. 1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ 1946ರಲ್ಲಿ ಪ್ರಾಧ್ಯಾಪಕರಾಗಿ ಮೈಸೂರಿಗೆ ಮರಳಿದರು. 1937ರಲ್ಲಿ ಹೇಮಾವತಿಯವರೊಡನೆ ವಿವಾಹವಾಯಿತು. ಈ ಅವಧಿಯ ಸಾಹಿತ್ಯಕೃತಿಗಳ ವಿವರ ಎಲ್ಲರಿಗೂ ತಿಳಿದದ್ದೇ. ಆದರೆ ಗುರುಶಿಷ್ಯ ಸಂಬಂಧವನ್ನು ಕುರಿತ ಎರಡು ನಾಟಕಗಳನ್ನು ಪ್ರಸ್ತಾಪಿಸದೆ ಮುಂದೆ ಹೋಗುವಂತಿಲ್ಲ. 1944ರ 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನ ವಧೆಯ ಕಥೆ ತಿರುವು ಪಡೆಯುತ್ತದೆ. ರಾಮನ ಬಾಣ ತಪಸ್ವಿಯನ್ನು ಮುಟ್ಟದೆ, ತಪಸ್ಸಿಗೆ ಹುಟ್ಟಿನ ಅರ್ಹತೆ ಬೇಕೆಂದು ವಾದಿಸಿದ ಬ್ರಾಹ್ಮಣನನ್ನೇ ಅಟ್ಟುತ್ತದೆ. ಕೊನೆಗೆ ಅವನ ಕಣ್ಣು ತೆರೆಯುತ್ತದೆ. ಮಾಸ್ತಿಯವರು ಪುರಾಣವನ್ನು ಹೀಗೆ ಬದಲಿಸುವುದನ್ನು ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. ಆ ವಿವಾದವನ್ನು ಪುರಾಣದ ಪಾವಿತ್ರ್ಯದ ಪ್ರಶ್ನೆಯಾಗಿ ನೋಡಿದವರೇ ಹೆಚ್ಚು. ಯಾರು ಕಲಿಯಬಹುದೆಂಬುದೂ ಅದರಲ್ಲಿತ್ತು. 1947ರ 'ಬೆರಳ್‌ಗೆ ಕೊರಳ್' ಇನ್ನೂ ನೇರವಾದದ್ದು. ಏಕಲವ್ಯ ತರಗತಿಗೆ ಪ್ರವೇಶ ಸಿಗದ ವಿದ್ಯಾರ್ಥಿ; ಪ್ರವೇಶ ಸಿಗದೆಯೂ ಕಲಿತವನು; ಕಲಿತದ್ದಕ್ಕಾಗಿ ಶುಲ್ಕ ತೆತ್ತವನು. ಕುವೆಂಪು ಅವನ ಬೆರಳಿಗೆ ಪ್ರತಿಯಾಗಿ ಮುಂದೆ ದ್ರೋಣನ ಕೊರಳೇ ಹೋಗುವ ಕರ್ಮನಿಯಮವನ್ನು ಕಂಡರು. ವಿಶೇಷವೆಂದರೆ ದ್ರೋಣನನ್ನು ಅವರು ಖಳನನ್ನಾಗಿಸಲಿಲ್ಲ. ಸಂಕಟಪಡುವ, ವ್ಯವಸ್ಥೆಗೆ ಕಟ್ಟುಬಿದ್ದ ಮೇಷ್ಟರಾಗಿ ಚಿತ್ರಿಸಿದರು. ಆಗ ಅವರೇ ಮೇಷ್ಟರು.

ತರಗತಿಯಲ್ಲಿ ಅವರು ಕಲಿಸಿದ ರೀತಿಯ ಬಗ್ಗೆ ಜಿ.ಎಸ್. ಶಿವರುದ್ರಪ್ಪ, ದೇ. ಜವರೇಗೌಡರಂಥ ಶಿಷ್ಯರು ಬರೆದಿರುವುದನ್ನು ಕೂಡಿಸಿ ನೋಡಿದರೆ ಒಂದು ಚಿತ್ರ ಸಿಗುತ್ತದೆ. ಕಾವ್ಯಭಾಗವನ್ನು ಓದುವುದೇ ಅರ್ಧ ಪಾಠ. ಅರ್ಥಕೋಶದ ಕೆಲಸವನ್ನು ವಿದ್ಯಾರ್ಥಿಗೆ ಬಿಟ್ಟು, ಆ ಭಾಗದ ದರ್ಶನವನ್ನು ಅವನ ಮುಂದೆ ನಿಲ್ಲಿಸುವುದು ಇನ್ನರ್ಧ. ಟಿಪ್ಪಣಿ ಬರೆಸುವ ಪದ್ಧತಿಗೆ ಇಲ್ಲಿ ಎಡೆಯಿಲ್ಲ. 'ಕಾವ್ಯವಿಹಾರ', 'ತಪೋನಂದನ', 'ರಸೋ ವೈ ಸಃ' ಮೊದಲಾದ ವಿಮರ್ಶಾಸಂಕಲನಗಳ ಎಷ್ಟೋ ಲೇಖನಗಳಲ್ಲಿ ತರಗತಿಯ ಧ್ವನಿಯೇ ಕೇಳಿಸುತ್ತದೆ. ಇದರ ಇನ್ನೊಂದು ಮಗ್ಗುಲನ್ನೂ ಮರೆಮಾಚಬೇಕಾಗಿಲ್ಲ: ದರ್ಶನದ ಎತ್ತರದಲ್ಲಿ ನಿಂತ ಗುರುವಿನ ಎದುರು ವಿದ್ಯಾರ್ಥಿ ಪ್ರಶ್ನಿಸುವುದು ಕಷ್ಟ. ಶೃಂಗೇರಿಯ ವಾಕ್ಯಾರ್ಥಸಭೆಯಲ್ಲಿ ಪೂರ್ವಪಕ್ಷಕ್ಕೆ ನಿಶ್ಚಿತವಾದ ಸ್ಥಾನವಿತ್ತು. ನವೋದಯದ ಕನ್ನಡ ತರಗತಿಯಲ್ಲಿ ತಲ್ಲೀನತೆಗೆ ದೊರೆತಷ್ಟು ಮನ್ನಣೆ ವಾದಕ್ಕೆ ದೊರೆಯಲಿಲ್ಲ. ವಿದ್ಯಾರ್ಥಿಗಳು ನಿರಂಕುಶಮತಿಗಳಾಗಬೇಕೆಂದು ಜೀವನವಿಡೀ ಸಾರಿದವರ ಪರಂಪರೆಯಲ್ಲಿ ಭಕ್ತಿಯ ಪ್ರಮಾಣ ಹೆಚ್ಚಾದದ್ದು ವಿಚಿತ್ರವಾದರೂ ನಿಜ.

1955ರಲ್ಲಿ ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿ, 1956ರಲ್ಲಿ ಕುಲಪತಿಯಾದರು. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಲ್ಲಿ ಆ ಸ್ಥಾನಕ್ಕೇರಿದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ನವೆಂಬರಿನಲ್ಲಿ ರಾಜ್ಯ ಏಕೀಕರಣಗೊಂಡಿತು. ಹಳ್ಳಿಗಳಿಂದ, ಮೊದಲ ತಲೆಮಾರಿನ ಅಕ್ಷರಸ್ಥ ಮನೆಗಳಿಂದ ವಿದ್ಯಾರ್ಥಿಗಳು ಕಾಲೇಜುಗಳಿಗೆ ಬರತೊಡಗಿದ್ದ ಹೊತ್ತದು. ಅವರ ಮುಂದೆ ಮೂವತ್ತು ವರ್ಷಗಳ ಹಿಂದೆ ತಮ್ಮ ಮುಂದೆ ನಿಂತಿದ್ದ ಗೋಡೆಯೇ ನಿಂತಿರುವುದನ್ನು ಕುಲಪತಿಗಳು ಕಂಡರು. ಗಣಿತದಲ್ಲಿ, ವಿಜ್ಞಾನದಲ್ಲಿ ಬುದ್ಧಿಯಿದ್ದೂ ಇಂಗ್ಲಿಷಿನಲ್ಲಿ ಅನುತ್ತೀರ್ಣರಾಗಿ ಊರಿಗೆ ಮರಳುವವರ ಸಂಖ್ಯೆ ಅವರನ್ನು ಬಾಧಿಸಿತು. ಅರ್ಥವಾಗದ್ದನ್ನು ಉರುಹೊಡೆಯುವುದು ಹಳ್ಳಿಯ ಹುಡುಗನ ಸ್ವಭಾವದೋಷವಲ್ಲ, ಅವನ ಮೇಲೆ ಹೇರಿದ ಭಾಷೆಯ ಫಲವೆಂಬುದು ಅವರ ವಾದದ ಕೇಂದ್ರ. ಆ ಹುಡುಗನೇ ಮನೆಯಲ್ಲಿ ಕುಮಾರವ್ಯಾಸನಿಗೆ ಅರ್ಥ ಹೇಳಬಲ್ಲನಲ್ಲ! ಪದವಿ ತರಗತಿಗಳಲ್ಲಿ ಕನ್ನಡ ಮಾಧ್ಯಮಕ್ಕೆ ಅವಕಾಶ ಕಲ್ಪಿಸಲಾಯಿತು. ವಿಜ್ಞಾನ ವಿಷಯಗಳಿಗೂ ಕನ್ನಡದಲ್ಲಿ ಪಠ್ಯಗ್ರಂಥಗಳನ್ನು ಸಿದ್ಧಪಡಿಸುವ ಕಾರ್ಯ ಕೈಗೂಡಿತು. ಭಾಷೆಗಳ ಹೊರೆಯ ಬಗ್ಗೆ ಅವರು ಮುಂದಿಟ್ಟ ಸೂತ್ರ, ಪಠ್ಯಕ್ರಮದಲ್ಲಿ ಹಲವು ಭಾಷೆಗಳಿರಲಿ, ವಿದ್ಯಾರ್ಥಿ ಕಡ್ಡಾಯವಾಗಿ ಕಲಿಯುವುದು ಎರಡನ್ನು ಮಾತ್ರ ಎಂಬುದು.

ಗುಣಮಟ್ಟ ಕುಸಿಯುವುದೆಂಬ ಆಕ್ಷೇಪಣೆ ಒಳಗಿನಿಂದಲೇ ಬಂತು. ಆ ಆಕ್ಷೇಪಣೆಯನ್ನು ಬರಿಯ ಇಂಗ್ಲಿಷ್ ವ್ಯಾಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪಾರಿಭಾಷಿಕ ಪದಗಳನ್ನು ಸಂಸ್ಕೃತದಿಂದ ಕಟ್ಟಿದ್ದರಿಂದ ಕನ್ನಡದ ವಿಜ್ಞಾನ ಪುಸ್ತಕ ಮಲೆನಾಡಿನ ಹುಡುಗನಿಗೆ ಇನ್ನೊಂದು ಪರಭಾಷೆಯಂತೆ ತೋರಿದ ಸಂದರ್ಭಗಳು ಕಡಮೆಯಲ್ಲ. ಕುವೆಂಪು ಅವರ ಗದ್ಯವೂ ಈ ಗುಣದಿಂದ ಮುಕ್ತವಲ್ಲ. ಕಾದಂಬರಿಗಳಲ್ಲಿ ಸೀಮೆಯ ನುಡಿಯನ್ನು ಅಷ್ಟು ಸಹಜವಾಗಿ ನುಡಿಸಿದ ಕೈ ಭಾಷಣ, ವಿಮರ್ಶೆಗಳಲ್ಲಿ ಸಂಸ್ಕೃತಭೂಯಿಷ್ಠವಾಗುತ್ತದೆ. ಪದವಿಯ ಆಚೆಗೆ ಉದ್ಯೋಗ ಇಂಗ್ಲಿಷನ್ನೇ ಕೇಳುತ್ತಿದ್ದುದರಿಂದ ಕನ್ನಡ ಮಾಧ್ಯಮ ಬಡವರ ಪಾಲಿನ ಮಾಧ್ಯಮವಾಗಿ ಉಳಿಯುವ ಅಪಾಯವೂ ಇತ್ತು. ಅದು ಅವರ ಅನಂತರದ ದಶಕಗಳಲ್ಲಿ ಬಹುಮಟ್ಟಿಗೆ ಹಾಗೆಯೇ ಆಯಿತು.

ಸ್ನಾತಕೋತ್ತರ ಅಧ್ಯಯನಕ್ಕೆ ಪ್ರತ್ಯೇಕವಾದ ಆವರಣ ಬೇಕೆಂಬ ಅವರ ಕಲ್ಪನೆ 1960ರಲ್ಲಿ ಮಾನಸಗಂಗೋತ್ರಿಯಾಗಿ ರೂಪುಗೊಂಡಿತು. ಹೆಸರನ್ನಿಟ್ಟವರೂ ಅವರೇ. ಮೈಸೂರಿನ ಅಂಚಿನಲ್ಲಿ, ಮರಗಿಡಗಳ ನಡುವೆ, ಕುಕ್ಕರಹಳ್ಳಿ ಕೆರೆಯ ಬದಿಯಲ್ಲಿ ಹರಡಿದ ಆ ನೆಲವನ್ನು ನೋಡಿದರೆ ಕುಪ್ಪಳಿಯ ಹುಡುಗನಿಗೆ ಓದೆಂದರೆ ಕಾಡಿನ ಸಾನ್ನಿಧ್ಯವೆಂಬ ಭಾವನೆ ಕೊನೆಯವರೆಗೂ ಉಳಿದಿತ್ತೆಂದು ತೋರುತ್ತದೆ. 1966ರಲ್ಲಿ ಅಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಗೆ ಮುಂದೆ ಅವರ ಹೆಸರು ಬಂತು. ಅವರು ಕುಲಪತಿಯಾಗಿದ್ದ 1958ರಲ್ಲೇ, ಅವರೂ ಮಾಸ್ತಿಯವರೂ ಕೂಡಿ ಸಂಪಾದಿಸಿದ ಕುಮಾರವ್ಯಾಸ ಭಾರತದ ಜನಪ್ರಿಯ ಆವೃತ್ತಿಯನ್ನು ಸರ್ಕಾರ ಪ್ರಕಟಿಸಿತು. ಒಂದು ಕಾಲಕ್ಕೆ ಶಂಬೂಕನ ಕಾರಣದಿಂದ ಎದುರುಬದುರಾಗಿದ್ದ ಇಬ್ಬರು ಒಂದೇ ಕಾವ್ಯದ ಸಂಪಾದಕರಾದರು. ಮನೆಯ ಜಗಲಿಯಲ್ಲಿ ಕೇಳಿಸಿಕೊಂಡದ್ದು ಅಚ್ಚಾಗಿ ಮತ್ತೆ ಮನೆಯ ಜಗಲಿಗಳಿಗೆ ಹೋಯಿತು.

ನಿವೃತ್ತಿಯ ಬಳಿಕ ಮೈಸೂರಿನ 'ಉದಯರವಿ'ಯಲ್ಲಿ ಬಾಳು ಸಾಗಿತು. 1964ರಲ್ಲಿ ರಾಷ್ಟ್ರಕವಿ ಬಿರುದು, 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ, 1992ರಲ್ಲಿ ಕರ್ನಾಟಕ ರತ್ನ ಇವೆಲ್ಲ ಬಂದುವು. 1967ರಲ್ಲಿ ಪ್ರಕಟವಾದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಅವರು ಮತ್ತೆ ತಮ್ಮ ಸೀಮೆಗೆ, ಅಕ್ಷರ ಮೊದಲ ಬಾರಿಗೆ ಮಲೆನಾಡನ್ನು ಹೊಕ್ಕ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಮರಳಿದರು. ಪಾದ್ರಿಯ ಬೈಸಿಕಲ್ಲನ್ನೂ ಶಾಲೆಯ ಮಾತನ್ನೂ ಬೆರಗು, ಭಯ, ಆಸೆಗಳಿಂದ ನೋಡುವ ಜನ ಅಲ್ಲಿದ್ದಾರೆ. ಶಾಲೆ ಒಂದು ಸಂಸ್ಕೃತಿಯೊಳಗೆ ಕಾಲಿಡುವಾಗ ಏನನ್ನು ತರುತ್ತದೆ, ಏನನ್ನು ಕೇಳುತ್ತದೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಚಿತ್ರಿಸಿದ ಇನ್ನೊಂದು ಕನ್ನಡ ಕೃತಿಯನ್ನು ಹೆಸರಿಸುವುದು ಕಷ್ಟ. 1974ರಲ್ಲಿ ಮೈಸೂರಿನಲ್ಲಿ ನಡೆದ ಬರಹಗಾರರ ಮತ್ತು ಕಲಾವಿದರ ಒಕ್ಕೂಟದ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣ ತರುಣರನ್ನು ವಿಚಾರಕ್ರಾಂತಿಗೆ ಕರೆಯಿತು.

1987ರಲ್ಲಿ, ಅವರು ಬದುಕಿರುವಾಗಲೇ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಅವರ ಹೆಸರಿನ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿದುವು. ಮೈಸೂರಿಗೆ ಹೋಗದೆ ಪದವಿಯಿಲ್ಲವೆಂಬ ಕಾಲ ಮುಗಿದು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಲೇಜುಗಳ ವಿದ್ಯಾರ್ಥಿಗಳು ಆ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತರು. 1992ರಲ್ಲಿ ಶೃಂಗೇರಿಯಲ್ಲಿ ಸಂಸ್ಕೃತ ವಿದ್ಯಾಪೀಠವೊಂದು ಕೇಂದ್ರ ಸರ್ಕಾರದ ಆಶ್ರಯದಲ್ಲಿ ತೆರೆಯಿತು. ಅದರ ಪ್ರವೇಶಕ್ಕೆ ಹುಟ್ಟಿನ ನಿರ್ಬಂಧವಿರಲಿಲ್ಲ. 1994ರ ನವೆಂಬರಿನಲ್ಲಿ ಕುವೆಂಪು ಮೈಸೂರಿನಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಕುಪ್ಪಳಿಗೆ ತಂದು, ಬಾಲ್ಯದಲ್ಲಿ ಪುಸ್ತಕ ಹಿಡಿದು ಹತ್ತುತ್ತಿದ್ದ ಕವಿಶೈಲದಲ್ಲಿ ಅಂತ್ಯಕ್ರಿಯೆ ನಡೆಸಲಾಯಿತು.